ಹಡಗಿನವರ ದ್ವೀಪದಲ್ಲಿ ಒಂದು ದಿನ: ಮೊದಲು ನೆರಳು, ಆಮೇಲೆ ನೀರು

ಮೇ ಬಂತೆಂದರೆ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಮಂಡ್ಯದ ವಿದ್ಯಾನಗರದಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಅಪ್ಪ ಅಮ್ಮ ಅಮೆರಿಕಕ್ಕೆ, ಮಕ್ಕಳ ಮನೆಗೆ. ನಯಾಗರಾ ಆಯಿತು, ದೇವಸ್ಥಾನ ಆಯಿತು, ಇನ್ನೇನು ಅಂದಾಗ ಮಕ್ಕಳು ಫ್ಲಾರಿಡಾದ ಮಯಾಮಿಯಿಂದಲೋ ಪೋರ್ಟ್ ಕೆನವೆರಲ್‌ನಿಂದಲೋ ಹೊರಡುವ ಬಹಾಮಾಸ್ ದ್ವೀಪಗಳ ಹಡಗು ಪ್ರವಾಸ, ಅಂದರೆ ಕ್ರೂಸ್, ಬುಕ್ ಮಾಡುತ್ತಾರೆ. ಮೂರು ನಾಲ್ಕು ರಾತ್ರಿಯ ಪ್ರಯಾಣ. ಅದರಲ್ಲಿ ಒಂದು ದಿನ ಹಡಗು ಕಂಪನಿಯ ಸ್ವಂತ ದ್ವೀಪದಲ್ಲಿ. ಊರಿಗೆ ವಾಪಸ್ ಬಂದವರನ್ನು ಕೇಳಿ ನೋಡಿ, ಹಡಗಿನ ಊಟದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ದ್ವೀಪದ ಬಗ್ಗೆ ಮಾತ್ರ ‘ಬಿಸಿಲು ಕಣ್ರೀ, ಸುಮ್ನೆ ಬೆಂದು ಬಂದ್ವಿ’ ಅಂತ ಒಂದೇ ಮಾತು.

ಬೇಯಬೇಕಾಗಿಲ್ಲ. ಆ ದಿನ ಕೆಡುವುದು ದಡ ಮುಟ್ಟಿದ ಮೊದಲ ಒಂದು ಗಂಟೆಯಲ್ಲಿ. ಅದೊಂದನ್ನು ಸರಿ ಮಾಡಿಕೊಂಡರೆ ಮಿಕ್ಕಿದ್ದು ತಾನಾಗಿ ನಡೆಯುತ್ತದೆ.

ಮೊದಲು ಇದು ಎಂಥ ಜಾಗ ಅಂತ ತಿಳಿದುಕೊಳ್ಳಿ. 1977ರಲ್ಲಿ ನಾರ್ವೇಜಿಯನ್ ಅನ್ನುವ ಹಡಗು ಕಂಪನಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ಕೊಂಡು ಈ ರೂಢಿ ಶುರು ಮಾಡಿತು. ಡಿಸ್ನಿಯ ಕ್ಯಾಸ್ಟವೇ ಕೇ 1998ರದು. ರಾಯಲ್ ಕೆರಿಬಿಯನ್‌ನ ಕೋಕೋಕೇ 2019ರಲ್ಲಿ ಹೊಸ ರೂಪ ಪಡೆಯಿತು. ಅಲ್ಲಿ ವಾಟರ್ ಪಾರ್ಕ್ ಇದೆ, 135 ಅಡಿ ಎತ್ತರದ ಜಾರುಬಂಡೆ ಇದೆ, 450 ಅಡಿ ಮೇಲೇರುವ ಹೀಲಿಯಂ ಬಲೂನೂ ಆಗಲೇ ಬಂತು. ಎಂಎಸ್‌ಸಿ ಕಂಪನಿಯ ಓಷನ್ ಕೇ ಮೊದಲು ಮರಳು ತೆಗೆಯುತ್ತಿದ್ದ ಜಾಗ. ಎಲ್ಲವೂ ದ್ವೀಪವೇ ಅಂತಲೂ ಅಲ್ಲ. 2025ರ ಜುಲೈನಲ್ಲಿ ತೆರೆದ ಕಾರ್ನಿವಲ್‌ನ ಸೆಲೆಬ್ರೇಷನ್ ಕೇ ಇರುವುದು ಗ್ರ್ಯಾಂಡ್ ಬಹಾಮಾದ ಒಂದು ದಡದಲ್ಲಿ. ಪ್ರಿನ್ಸೆಸ್ ಕಂಪನಿಯ ಪ್ರಿನ್ಸೆಸ್ ಕೇಸ್ ಅಂದರೆ ಎಲ್ಯೂಥೆರಾ ದ್ವೀಪದ ದಕ್ಷಿಣದ ತುದಿ, ಅಷ್ಟೇ.

ಹಡಗು ಅಲ್ಲೇ ಯಾಕೆ ನಿಲ್ಲುತ್ತದೆ? ಅಮೆರಿಕದ 1886ರ ಕಾನೂನೊಂದಿದೆ. ವಿದೇಶಿ ಬಾವುಟದ ಹಡಗು ಅಮೆರಿಕದಲ್ಲೇ ಜನರನ್ನು ಹತ್ತಿಸಿ, ಸುತ್ತಾಡಿಸಿ, ಅಲ್ಲೇ ಇಳಿಸುವುದಾದರೆ ನಡುವೆ ಬೇರೆ ದೇಶದ ಒಂದು ಬಂದರು ಮುಟ್ಟಲೇಬೇಕು. ಬಹಾಮಾಸ್ ಪಕ್ಕದಲ್ಲೇ ಇದೆ. ಬಂದರು ತಮ್ಮದೇ ಆದರೆ ನೀವು ಅಲ್ಲಿ ಮಾಡುವ ಖರ್ಚೂ ಅವರ ಗಲ್ಲಾಪೆಟ್ಟಿಗೆಗೇ ಅಲ್ವಾ? ಇದು ತಲೆಯಲ್ಲಿದ್ದರೆ ಮುಂದಿನ ಹಂತಗಳು ಸುಲಭ.

ಹಂತ 1: ವೀಸಾ ನೋಡಿ

ಹಡಗು ಹತ್ತಿದರೆ ಅಮೆರಿಕ ಬಿಟ್ಟ ಹಾಗೇ ಲೆಕ್ಕ. ವಾಪಸ್ ಒಳಗೆ ಬರಲು ಹಲವು ಬಾರಿ ಪ್ರವೇಶವಿರುವ ವೀಸಾ ಬೇಕು. ವೀಸಾದಲ್ಲಿ ಪ್ರವೇಶದ ಜಾಗದಲ್ಲಿ ‘ಎಂ’ ಅಕ್ಷರ ಇದ್ದರೆ ಸರಿ. ಅಪ್ಪ ಅಮ್ಮನದು ಸಾಮಾನ್ಯವಾಗಿ ಸರಿಯಾಗಿರುತ್ತದೆ. ಪಾಸ್‌ಪೋರ್ಟ್‌ನಲ್ಲಿರುವ ವೀಸಾದ ಅವಧಿ ಮುಗಿದಿರುವುದು ಮಗನದೇ. ಅವನದನ್ನು ಮೊದಲು ನೋಡಿ. ಬಹಾಮಾಸ್ ಕಡೆಯ ನಿಯಮ ಏನು ಅಂತ ಹಡಗು ಕಂಪನಿಯಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಹಂತ 2: ಎಲ್ಲದಕ್ಕೂ ಮೊದಲೇ ದುಡ್ಡು ಕಟ್ಟಬೇಡಿ

ದ್ವೀಪಕ್ಕೆ ಕಾಲಿಡಲು ದುಡ್ಡಿಲ್ಲ. ಮರಳು, ಕುರ್ಚಿ, ಸಮುದ್ರ, ಮಧ್ಯಾಹ್ನದ ಊಟ, ಕುಡಿಯುವ ನೀರು ಟಿಕೆಟ್‌ನಲ್ಲೇ ಸೇರಿವೆ. ದುಡ್ಡು ಬೇಕಾಗುವುದು ವಾಟರ್ ಪಾರ್ಕ್, ನೀರೊಳಗೆ ನೋಡುತ್ತಾ ಈಜುವ ಸ್ನಾರ್ಕೆಲ್ ಸಾಮಾನು, ನೀರಿನ ಮೇಲಿನ ಬೈಕ್‌ನಂಥ ಜೆಟ್ ಸ್ಕೀ, ಮದ್ಯ ಮತ್ತು ಕಬಾನಾ ಅನ್ನುವ ಗುಡಿಸಲಿಗೆ. ಕಬಾನಾ ಬಾಡಿಗೆ ದಿನಕ್ಕೆ ನೂರಾರು ಡಾಲರ್, ಕೆಲವು ಕಡೆ ಸಾವಿರ ದಾಟುತ್ತದೆ. ಆರು ಗಂಟೆಯ ನೆರಳಿಗೆ ಅಷ್ಟು ದುಡ್ಡಾ? ಬೇಡ. ಬೇಗ ಎದ್ದರೆ ನೆರಳು ಬಿಟ್ಟಿ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಅವರಿಗಷ್ಟೇ ವಾಟರ್ ಪಾರ್ಕ್ ಟಿಕೆಟ್ ತೆಗೆಸಿ. ಅದನ್ನು ಹಡಗು ಹತ್ತುವ ಮುಂಚೆಯೇ ಕೊಂಡರೆ ಸಾಮಾನ್ಯವಾಗಿ ಅಗ್ಗ. ಅರವತ್ತು ದಾಟಿದವರಿಗೆ ‘ಎಲ್ಲರಿಗೂ ಒಂದೇ ಪ್ಯಾಕೇಜ್’ ಅಂತ ತೆಗೆಸುವುದು ದಂಡ. ಅವರು ಮೆಟ್ಟಿಲು ಹತ್ತಿ, ಕೆಳಗೆ ನೋಡಿ, ಹಾಗೇ ಇಳಿದು ಬರುತ್ತಾರೆ.

ಜೋರು ಗಾಳಿ ಇದ್ದರೆ ಹಡಗು ದ್ವೀಪಕ್ಕೆ ಹೋಗದೆಯೂ ಇರಬಹುದು. ಆಗ ದ್ವೀಪದ ಚಟುವಟಿಕೆಗೆ ಕಟ್ಟಿದ್ದು ವಾಪಸ್ ಬರುತ್ತದೆ, ಹಡಗಿನ ಟಿಕೆಟ್ ದುಡ್ಡು ಬರುವುದಿಲ್ಲ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ನಮ್ಮವರು ಹೋಗುವುದೂ ಆಗಲೇ.

ಹಂತ 3: ಹಿಂದಿನ ರಾತ್ರಿಯೇ ಬ್ಯಾಗ್

ಹಡಗಿನ ಕಾರ್ಡ್, ಟೋಪಿ, ಕಪ್ಪು ಕನ್ನಡಕ, ಮಾತ್ರೆ, ಒಂದು ಜೊತೆ ಒಣ ಬಟ್ಟೆ, ಸ್ವಲ್ಪ ಚಿಲ್ಲರೆ ಡಾಲರ್. ಪಾಸ್‌ಪೋರ್ಟ್ ಕೋಣೆಯ ಲಾಕರ್‌ನಲ್ಲಿರಲಿ. ಬೇರೆ ಗುರುತಿನ ಚೀಟಿ ಬೇಕಿದ್ದರೆ ಹಡಗಿನವರೇ ಹೇಳುತ್ತಾರೆ. ಓಲೆ, ಉಂಗುರ, ಬಳೆ ಎಲ್ಲವೂ ಲಾಕರ್‌ಗೆ. ಕ್ರೀಮ್ ಹಚ್ಚಿದ ಬೆರಳಿನಿಂದ ಉಂಗುರ ಜಾರಿದರೆ ಸಮುದ್ರದಲ್ಲಿ ಹುಡುಕುವವರು ಯಾರು?

ಬಟ್ಟೆಯ ವಿಷಯಕ್ಕೆ ಬರೋಣ. ಸೀರೆ ಬೇಡ. ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಮೊಣಕಾಲುದ್ದದ ಅಲೆಗೂ ಆಳು ಬೀಳುತ್ತಾರೆ. ಕಾಟನ್ ಚೂಡಿದಾರವೂ ನೀರು ಕುಡಿದು ಭಾರವಾಗುತ್ತದೆ. ಪಂಚೆಯನ್ನು ಗಾಳಿಯೇ ನೋಡಿಕೊಳ್ಳುತ್ತದೆ. ಈಜಿಗೆಂದೇ ಬರುವ ಪೂರ್ತಿ ತೋಳಿನ ಅಂಗಿ ಮತ್ತು ಉದ್ದದ ಪ್ಯಾಂಟ್ ಕೊಳ್ಳಿ. ಮೈ ಮುಚ್ಚುತ್ತದೆ, ಬೇಗ ಒಣಗುತ್ತದೆ, ಮುಜುಗರವೂ ಇಲ್ಲ. ಅಲ್ಲಿ ಎಷ್ಟೋ ಜನ ಬಿಸಿಲಿಗೆ ಹೆದರಿ ಅದನ್ನೇ ಹಾಕಿರುತ್ತಾರೆ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಚರ್ಮದ ಚಪ್ಪಲಿ ಉಪ್ಪುನೀರಿಗೆ ಒಂದೇ ದಿನದಲ್ಲಿ ಹಾಳು.

ಹಂತ 4: ಬೇಗ ಇಳಿಯಿರಿ, ನೆರಳು ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಹಡಗು ಬೆಳಿಗ್ಗೆ ಏಳು ಎಂಟಕ್ಕೆ ಬಂದು ನಿಲ್ಲುತ್ತದೆ. ನಮ್ಮವರು ನಿಧಾನಕ್ಕೆ ಸ್ನಾನ ಮಾಡಿ, ಬಫೆಯಲ್ಲಿ ಎರಡು ಸುತ್ತು ತಿಂದು, ಕಾಫಿ ಚೆನ್ನಾಗಿಲ್ಲ ಅಂತ ಇನ್ನೊಂದು ಕಾಫಿ ಕುಡಿದು, ಹತ್ತೂವರೆಗೆ ಇಳಿಯುತ್ತಾರೆ. ಅಷ್ಟೊತ್ತಿಗೆ ಸಾವಿರಾರು ಜನ ಇಳಿದಾಗಿರುತ್ತದೆ. ಒಂದು ಕೊಡೆಯೂ ಖಾಲಿ ಇರುವುದಿಲ್ಲ. ಜಂಬೂಸವಾರಿ ದಿನ ಮಧ್ಯಾಹ್ನ ಹೋಗಿ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹುಡುಕಿದ ಹಾಗೆ.

ಕೋಣೆಯಲ್ಲೇ ಹಣ್ಣು, ಬ್ರೆಡ್ ತಿಂದು ಮೊದಲ ಗುಂಪಿನಲ್ಲೇ ಇಳಿಯಿರಿ. ಹಡಗು ತಾಗಿ ನಿಲ್ಲುವ ಕಟ್ಟೆ ಇರುವ ದ್ವೀಪವಾದರೆ ನಡೆದೇ ಹೋಗಬಹುದು. ಕಟ್ಟೆ ಇಲ್ಲದಿದ್ದರೆ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಅದಕ್ಕೆ ಚೀಟಿ ಹಂಚುತ್ತಾರಾ ಅಂತ ಹಿಂದಿನ ರಾತ್ರಿಯೇ ಕೇಳಿಡಿ. ಮಂಡಿ ನೋವಿದ್ದರೆ ದ್ವೀಪದೊಳಗೆ ಟ್ರಾಮ್ ಇದೆಯಾ ವಿಚಾರಿಸಿ. ಮರಳಿನ ಮೇಲೆ ಓಡುವ ದೊಡ್ಡ ಚಕ್ರದ ಗಾಲಿಕುರ್ಚಿಯೂ ಕೆಲವು ಕಡೆ ಉಂಟು, ಮೊದಲು ಕೇಳಿದವರಿಗೆ.

ಇಳಿದ ತಕ್ಷಣ ಸಿಗುವ ಮೊದಲ ಬೀಚ್‌ನಲ್ಲಿ ಕೂರಬೇಡಿ. ಎಲ್ಲರೂ ಅಲ್ಲೇ ಕೂರುವುದು. ಹತ್ತು ನಿಮಿಷ ಮುಂದೆ ಹೋಗಿ. ಶೌಚಾಲಯ ಮತ್ತು ಊಟದ ಜಾಗ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ. ಕೊಡೆ ಕೆಲವು ಕಡೆ ಬಿಟ್ಟಿ, ಕೆಲವು ಕಡೆ ಬಾಡಿಗೆ. ಬಾಡಿಗೆಯಾದರೂ ಇದಕ್ಕೆ ದುಡ್ಡು ಕೊಡಿ, ಕಬಾನಾಕ್ಕೆ ಬೇಡ. ಮರದ ನೆರಳಾದರೆ ಈಗ ಬಿದ್ದಿರುವ ನೆರಳಿಗೆ ಮರುಳಾಗಬೇಡಿ. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ ಬೀಳುತ್ತದೆ, ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಬರುತ್ತದೆ. ಕುರ್ಚಿಯನ್ನು ಬುಡದ ಹತ್ತಿರವೇ ಹಾಕಿ, ಆಮೇಲೆ ಸರಿಸಿಕೊಳ್ಳಿ. ತೆಂಗಿನ ಮರವಾದರೆ ಕೂರುವ ಮುಂಚೆ ಮೇಲೆ ನೋಡಿ. ಮಂಡ್ಯದವರಿಗೆ ಇದನ್ನು ಹೇಳಬೇಕಿಲ್ಲ.

‘ನಮ್ಮದೇನು ಬಿಸಿಲು ಕಾಣದ ಊರಾ?’ ಅನ್ನುವವರಿಗೆ ಒಂದು ಮಾತು. ಜೂನ್ ಜುಲೈನಲ್ಲಿ ಮೈಸೂರಿಗೆ ಮುಂಗಾರಿನ ಮೋಡ ಇರುತ್ತದೆ. ಆ ದ್ವೀಪಗಳಲ್ಲಿ ಅದೇ ಸಮಯಕ್ಕೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ. ಅಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಹಾಗಾಗಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಒಂದು ಗಂಟೆ ದಾಟಿದ ಮೇಲೆ. ಹನ್ನೆರಡೂವರೆಗೆ ‘ಇನ್ನೇನು ಬಿಸಿಲು ಇಳಿಯಿತು’ ಅಂತ ನೀರಿಗೆ ಹೋಗುವವರು ಸರಿಯಾಗಿ ಸುಡುವ ಹೊತ್ತಿಗೇ ಹೋಗಿರುತ್ತಾರೆ. ಬಿಳಿ ಮರಳು ಕೆಳಗಿನಿಂದಲೂ ಬೆಳಕು ಎಸೆಯುತ್ತದೆ. ತಣ್ಣಗೆ ಬೀಸುವ ಗಾಳಿಯಲ್ಲಿ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಕಪ್ಪು ಚರ್ಮ ಸುಡಲು ಹೆಚ್ಚು ಹೊತ್ತು ಬೇಕು, ನಿಜ. ಆದರೆ ಸುಡುತ್ತದೆ.

ಸನ್‌ಸ್ಕ್ರೀನ್, ಅಂದರೆ ಬಿಸಿಲು ತಡೆಯುವ ಕ್ರೀಮ್, ಹಚ್ಚುವುದು ನೀರಿಗಿಳಿಯುವಾಗ ಅಲ್ಲ. ಬಿಸಿಲಿಗೆ ಬರುವ ಕಾಲು ಗಂಟೆ ಮುಂಚೆ, ಕೋಣೆಯಲ್ಲೇ. ಅದು ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕಿ ಎಸ್‌ಪಿಎಫ್. ಅದು 30 ಇದ್ದರೂ ಸಾಕು, 50 ಇದ್ದರೆ ಇನ್ನೂ ಸ್ವಲ್ಪ ವಾಸಿ. ಸುಡುವ ಕಿರಣದಲ್ಲಿ 30 ಸುಮಾರು ಶೇ 97ರಷ್ಟು ತಡೆದರೆ, 50 ಶೇ 98. ಮುಖ್ಯವಾದದ್ದು ಎಷ್ಟು ಹಚ್ಚುತ್ತೀರಿ ಅನ್ನುವುದು. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಬೇಕು. ಊರಿನ ಮೆಡಿಕಲ್‌ನಿಂದ ತಂದ 50 ಮಿ.ಲೀ. ಟ್ಯೂಬ್ ಇಬ್ಬರಿಗೆ ಒಂದು ಸಲಕ್ಕೂ ಸಾಲದು. ಆ ಒಂದು ಟ್ಯೂಬ್‌ನಲ್ಲಿ ಇಡೀ ಸಂಸಾರ ಇಡೀ ದಿನ ಕಳೆಯುವುದನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ದೊಡ್ಡ ಬಾಟಲಿಯನ್ನು ಅಮೆರಿಕದ ಅಂಗಡಿಯಲ್ಲೇ ಕೊಳ್ಳಿ. ಹಡಗಿನ ಅಂಗಡಿಯಲ್ಲಿ ಬೆಲೆ ಜಾಸ್ತಿ. ಬಾಟಲಿಯ ಮೇಲೆ ನೀರಿನಲ್ಲಿ 40 ಅಥವಾ 80 ನಿಮಿಷ ನಿಲ್ಲುತ್ತದೆ ಅಂತ ಬರೆದಿರುತ್ತದೆ. 80ರದ್ದನ್ನೇ ಆರಿಸಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಒರೆಸಿಕೊಂಡರೆ ಕೂಡಲೇ ಹಚ್ಚಿ.

ಸ್ಪ್ರೇ ಬೇಡವೇ ಬೇಡ. ಸಮುದ್ರದ ಗಾಳಿಗೆ ಅರ್ಧ ಪಕ್ಕದ ಕುರ್ಚಿಯವರ ಮೇಲೆ ಹೋಗುತ್ತದೆ. ಮುಖ ಬೆಳ್ಳಗೆ ಮಾಡುವ ಕ್ರೀಮ್ ಸನ್‌ಸ್ಕ್ರೀನ್ ಅಲ್ಲ. ಕೊಬ್ಬರಿ ಎಣ್ಣೆ ಖಂಡಿತ ಅಲ್ಲ. ಎಲ್ಲರೂ ಮರೆಯುವ ಜಾಗಗಳು ಇವು: ಕಿವಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ, ಬೈತಲೆ. ಕೂದಲಿಲ್ಲದ ತಲೆಯ ಯಜಮಾನರು ಟೋಪಿ ತೆಗೆಯಲೇಬೇಡಿ.

ಹಂತ 5: ನೀರು

ಬೆಳಿಗ್ಗೆ ಹನ್ನೊಂದರ ಒಳಗೆ ನೀರಿನ ಆಟ ಮುಗಿಸಿ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಈಜು ಕಲಿತವರಿಗೆ ಧೈರ್ಯ ಜಾಸ್ತಿ. ನಾಲೆಯ ನೀರು ಒಂದೇ ಕಡೆಗೆ ಎಳೆಯುತ್ತದೆ, ಸಮುದ್ರ ಹಾಗಲ್ಲ. ಬಾವುಟ ನೋಡಿ ಇಳಿಯಿರಿ. ಹಸಿರು ಇದ್ದರೆ ಶಾಂತ, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ದಡದಲ್ಲೇ ಇರಿ. ಎರಡು ಕೆಂಪು ಅಂದರೆ ನೀರು ಬಂದ್. ನೇರಳೆ ಬಣ್ಣ ಇದ್ದರೆ ಅಂಬಲಿ ಮೀನಿನಂಥ (ಜೆಲ್ಲಿ ಫಿಶ್) ಕುಟುಕುವ ಜೀವಿಗಳಿವೆ ಅಂತ. ಈಜು ಬಾರದವರು ಸೊಂಟದ ನೀರು ದಾಟಬೇಡಿ, ಜಾಕೆಟ್ ಕೇಳಿ ಹಾಕಿಕೊಳ್ಳಿ. ಹೆಜ್ಜೆ ಎತ್ತಿ ಇಡುವ ಬದಲು ಪಾದ ಎಳೆಯುತ್ತಾ ನಡೆಯಿರಿ. ಮರಳಿನಲ್ಲಿ ಅಡಗಿದ ತೊರಕೆ ಮೀನು (ಸ್ಟಿಂಗ್‌ರೇ) ಇದ್ದರೆ ಸದ್ದಿಗೆ ಸರಿದು ಹೋಗುತ್ತದೆ. ಅದನ್ನು ತುಳಿದರೆ ಮಾತ್ರ ಬಾಲದ ಮುಳ್ಳು ಚುಚ್ಚುತ್ತದೆ.

ಹಂತ 6: ಊಟ

ಹನ್ನೊಂದೂವರೆಗೇ ಹೋಗಿ, ಹನ್ನೆರಡಾದರೆ ಉದ್ದ ಸಾಲು. ಸಿಗುವುದು ಬರ್ಗರ್, ಚಿಕನ್, ಸಾಸೇಜ್ ಮುಂತಾದ ಸುಟ್ಟ ತಿಂಡಿ. ಸಸ್ಯಾಹಾರಿಗಳಿಗೆ ತರಕಾರಿ ಬರ್ಗರ್, ಸಲಾಡ್, ಆಲೂ ಫ್ರೈಸ್, ಹಣ್ಣು. ಎಲ್ಲವನ್ನೂ ಒಂದೇ ಹೆಂಚಿನ ಮೇಲೆ ಸುಡುತ್ತಾರಾ ಅಂತ ಮಡಿವಂತರು ಕೇಳಿಯೇ ತಿನ್ನಿ. ಬ್ಯಾಗಿನಲ್ಲಿ ಮೊಸರನ್ನ ಕಟ್ಟಿಕೊಂಡು ಇಳಿಯಲು ಬಿಡುವುದಿಲ್ಲ. ಹಡಗಿನ ಬಫೆಯ ಹಣ್ಣನ್ನೂ ದಡಕ್ಕೆ ಒಯ್ಯುವ ಹಾಗಿಲ್ಲ. ಅಂಗಡಿಯ ಸೀಲ್ ಒಡೆಯದ ನಿಪ್ಪಟ್ಟು, ಕೋಡುಬಳೆ ಪ್ಯಾಕೆಟ್ ನಡೆಯುತ್ತದೆ. ಮದ್ದೂರು ವಡೆಯ ಆಸೆ ಬಿಡಿ. ರಾತ್ರಿಯ ಊಟಕ್ಕೆ ಅನ್ನ, ದಾಲ್ ಬೇಕಿದ್ದರೆ ಹಿಂದಿನ ದಿನವೇ ಹಡಗಿನ ಹೆಡ್ ವೇಟರ್‌ಗೆ ಹೇಳಿ. ಎಷ್ಟೋ ಸಲ ಅವರೇ ಭಾರತದವರಾಗಿರುತ್ತಾರೆ.

ಹಂತ 7: ವಾಪಸ್

ಹಿರಿಯರು ಊಟ ಮುಗಿಸಿ ಒಂದು ಗಂಟೆಗೇ ಹಡಗಿಗೆ ಮರಳಿ. ಇಡೀ ಪ್ರಯಾಣದಲ್ಲಿ ಹಡಗಿನ ಈಜುಕೊಳ ಖಾಲಿ ಇರುವುದು ಆಗ ಮಾತ್ರ. ಚಿಕ್ಕವರು ಉಳಿಯಲಿ. ಆದರೆ ಕೊನೆಯ ಅರ್ಧ ಗಂಟೆಗೆ ಬಿಡಬೇಡಿ. ಬ್ಯಾಗ್ ತಪಾಸಣೆಯ ಸಾಲು ಬಿಸಿಲಲ್ಲೇ ನಿಲ್ಲುತ್ತದೆ. ಹಡಗಿನವರು ಹೇಳುವ ಸಮಯವೇ ಸಮಯ, ಫೋನ್ ನಂಬಬೇಡಿ. ಫೋನ್ ಅನ್ನು ಏರೋಪ್ಲೇನ್ ಮೋಡ್‌ನಲ್ಲೇ ಇಡಿ. ಸಮುದ್ರದ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ಎದೆ ಒಡೆಯುತ್ತದೆ.

ಚಿಪ್ಪು, ಮರಳು ತುಂಬಿಕೊಂಡು ಬರಬೇಡಿ. ಅಲ್ಲಿನ ದೊಡ್ಡ ಗುಲಾಬಿ ಶಂಖ ನೋಡಿ ದೇವರ ಮನೆಗೆ ಚೆಂದ ಅಂದುಕೊಳ್ಳುವವರಿದ್ದಾರೆ. ನಮ್ಮ ಪೂಜೆಯ ಶಂಖ ಆ ಜಾತಿಯೇ ಅಲ್ಲ. ಆ ಗುಲಾಬಿ ಶಂಖದ ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ಒಪ್ಪಂದದ ನಿಗಾ ಇದೆ. ನೆನಪಿಗೆ ಏನಾದರೂ ಬೇಕಿದ್ದರೆ ಸ್ಥಳೀಯರು ಮಾರುವ ಹುಲ್ಲಿನ ಬುಟ್ಟಿ ಕೊಳ್ಳಿ. ಆ ಚಿಲ್ಲರೆ ಡಾಲರ್ ಇದಕ್ಕೇ. ಬಹಾಮಾಸ್ ಡಾಲರೂ ಅಮೆರಿಕದ ಡಾಲರೂ ಒಂದಕ್ಕೊಂದು ಸಮ, ಲೆಕ್ಕ ಹಾಕುವ ತಲೆನೋವಿಲ್ಲ.

ಹಡಗಿನ ಟವಲ್‌ಗಳನ್ನು ಮರೆಯದೆ ವಾಪಸ್ ಕೊಡಿ, ಕೊಟ್ಟದ್ದು ದಾಖಲಾಯಿತಾ ನೋಡಿ. ಕಳೆದ ಟವಲ್‌ಗೂ ಬಿಲ್ ಹಾಕುತ್ತಾರೆ. ಬಿಲ್ ಅನ್ನು ಅದೇ ರಾತ್ರಿ ಹಡಗಿನ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಗಲೇ ಕೌಂಟರ್‌ಗೆ ಹೋಗಿ. ಇಳಿಯುವ ದಿನ ಬೆಳಿಗ್ಗೆ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.