ಮುಪ್ಪಿನ ಅಧ್ಯಯನಕ್ಕೆ ಮನೆಮನೆಯಲ್ಲಿ ಅಳತೆ ತೆಗೆಯುವ ಬಗೆ

ಒಬ್ಬ ಅಜ್ಜಿ 4 ಮೀಟರ್ ನಡೆಯಲು 5 ಸೆಕೆಂಡ್ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 0.80 ಮೀಟರ್. ಅವರನ್ನೇ ಮತ್ತೆ ಅಳೆಯುವ ಮುಂದಿನ ಸುತ್ತಿಗೆ ಬೇರೆ ಹುಡುಗ ಬಂದ, ಸ್ಟಾಪ್‌ವಾಚನ್ನು ಅರ್ಧ ಸೆಕೆಂಡ್ ತಡವಾಗಿ ನಿಲ್ಲಿಸಿದ. ವೇಗ 0.73 ಆಯಿತು. ಅಜ್ಜಿ ಹಾಗೇ ಇದ್ದಾರೆ, ಕಡತದಲ್ಲಿ ಮಾತ್ರ ಅವರ ನಡಿಗೆ ಕುಂಠಿತವಾಗಿದೆ. ನಾವು ಅಳೆಯುವ ರೀತಿ ಬದಲಾದರೆ ಅದು ಮುಪ್ಪಿನ ವೇಷ ಹಾಕಿಕೊಂಡು ಬರುತ್ತದೆ. ಕ್ಷೇತ್ರಕ್ಕೆ ಹೋಗುವವರು ಇದೊಂದನ್ನು ಮರೆಯಬಾರದು.

ಈ ಅಳತೆಗಳು ಒಂದೇ ಊರಿನಲ್ಲಿ ಉಳಿಯುವಂಥವೂ ಅಲ್ಲ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಹಾರ್ವರ್ಡ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ, ಭಾರತದ ಮುಪ್ಪಿನ ಅಧ್ಯಯನವಾದ ಲಾಸಿ 2017-18ರ ಮೊದಲ ಸುತ್ತಿನಲ್ಲಿ 72 ಸಾವಿರಕ್ಕೂ ಹೆಚ್ಚು ಜನರನ್ನು ತಲುಪಿತು. 45 ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ. 2010ರಲ್ಲಿ ಅದರ ಪ್ರಾಯೋಗಿಕ ಸುತ್ತು ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಎಚ್‌ಆರ್‌ಎಸ್, ಇಂಗ್ಲೆಂಡಿನ ಎಲ್ಸಾ, ಚೀನಾದ ಚಾರ್ಲ್ಸ್ ಎಂಬ ಇಂಥದೇ ಅಧ್ಯಯನಗಳ ಜೊತೆ ಹೋಲಿಸಲು ಬರುವಂತೆ ಲಾಸಿಯನ್ನು ಕಟ್ಟಲಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ 10,000 ಜನರ ಗುರಿ ಇಟ್ಟುಕೊಂಡು ಸ್ಯಾನ್ಸ್‌ಕಾಗ್ ಎಂಬ ಅಧ್ಯಯನ ನಡೆಸುತ್ತಿದೆ. ಇಂಥ ಯಾವ ತಂಡಕ್ಕೆ ಸೇರಿದರೂ ಕೆಳಗಿನ ಕೆಲಸಗಳು ತಪ್ಪಿದ್ದಲ್ಲ. ನಿಮ್ಮ ತಂಡದ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಎಲ್ಲರೂ ಒಂದೇ ರೀತಿ ಮಾಡುವುದು ಮುಖ್ಯ.

ವಯಸ್ಸು ಹಿಡಿಯುವುದು

"ಒಂದರವತ್ತು ಇರ್ಬೋದು ನೋಡಪ್ಪಾ" ಎಂಬ ಉತ್ತರ ಬಂದ ಕೂಡಲೇ 60 ಎಂದು ಬರೆದರೆ ಕೆಲಸ ಅಲ್ಲಿಗೇ ಕೆಟ್ಟಿತು. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದ್ದರೆ ಅದು ಬಹುಪಾಲು ಅಂದಾಜಿನ ದಿನಾಂಕ. ಜೊತೆಗೆ ಘಟನೆಗಳ ಪಟ್ಟಿ ಇಟ್ಟುಕೊಳ್ಳಿ: 1947ರ ಸ್ವಾತಂತ್ರ್ಯ, 1956ರ ಏಕೀಕರಣ, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು, 1975ರ ತುರ್ತು ಪರಿಸ್ಥಿತಿ, 1984ರ ಇಂದಿರಾ ಗಾಂಧಿ ಹತ್ಯೆ. ಇದಕ್ಕೆ ಆ ಊರಿನ ಘಟನೆಗಳನ್ನೂ ಸೇರಿಸಿ, ಕರೆಂಟು ಬಂದ ವರ್ಷ, ಕೆರೆ ಕೋಡಿ ಬಿದ್ದ ವರ್ಷ. ಹೆಂಗಸರಿಗೆ ಮದುವೆ ಮತ್ತು ಮೊದಲ ಹೆರಿಗೆಯ ದಾರಿ ಹೆಚ್ಚು ಗಟ್ಟಿ. "ಇಂದಿರಾ ಗಾಂಧಿ ತೀರ್ಕೊಂಡಾಗ ನಿಮ್ಮ ದೊಡ್ಡ ಮಗ ಎಷ್ಟನೇ ಕ್ಲಾಸಲ್ಲಿದ್ದ ಅಜ್ಜಿ?" ಎಂದು ಕೇಳಿ, ಮಗನ ಶಾಲೆಯ ಟಿ.ಸಿ. ಸಿಕ್ಕರೆ ಅದನ್ನೂ ನೋಡಿ.

ವಯಸ್ಸಿನ ಪಕ್ಕದಲ್ಲಿ ಅದು ದಾಖಲೆಯಿಂದ ಬಂದದ್ದೋ, ಘಟನೆಯಿಂದಲೋ, ಬರೀ ಅಂದಾಜೋ ಎಂದು ಗುರುತು ಮಾಡಿ. ವಾರಕ್ಕೊಮ್ಮೆ ಮೇಲ್ವಿಚಾರಕರು ವಯಸ್ಸಿನ ಕೊನೆಯ ಅಂಕಿ ಎಣಿಸಲಿ. 0 ಮತ್ತು 5 ಎರಡೂ ಸೇರಿ ಸುಮಾರು ಐದನೇ ಒಂದು ಭಾಗ ಇರಬೇಕು. ಅರ್ಧಕ್ಕೆ ಹತ್ತಿರ ಬಂದಿದ್ದರೆ ಯಾರೋ ಪಟ್ಟಿಯನ್ನು ಚೀಲದಿಂದ ತೆಗೆಯುತ್ತಲೇ ಇಲ್ಲ.

ರಕ್ತದೊತ್ತಡ, ಹಿಡಿತ, ನಡಿಗೆ

ಬಿಪಿ ನೋಡುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರನ್ನು ಬಿಡಿಸಿ ಕೇಳಿ, ಅವರು ಅದನ್ನು ತಂಬಾಕೆಂದು ಎಣಿಸಿರುವುದಿಲ್ಲ. ಮೂತ್ರಕ್ಕೆ ಹೋಗಿ ಬರಲಿ. ಬೆನ್ನಿಗೆ ಆನಿಕೆ ಇರುವ ಕುರ್ಚಿ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, 5 ನಿಮಿಷ ಮೌನ. ರವಿಕೆಯ ಬಿಗಿ ತೋಳನ್ನು ಮೇಲೆ ಸರಿಸಿದರೆ ಅದೇ ಕಟ್ಟಿನಂತೆ ಬಿಗಿಯುತ್ತದೆ. ಮಹಿಳಾ ಸಿಬ್ಬಂದಿ ಒಳಮನೆಯಲ್ಲಿ ತೋಳು ಬಿಡಿಸಿ ಅಳೆಯುವುದೇ ಸರಿ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಹಾಗಾಗಿ ಎರಡು ಅಳತೆಯ ಪಟ್ಟಿ ಒಯ್ಯಿರಿ. ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿ, ಮೂರನ್ನೂ ಬರೆಯಿರಿ. ಸರಾಸರಿಗೆ ಕೊನೆಯ ಎರಡೇ ಸಾಕು.

180/120 ಮುಟ್ಟಿದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೇ ಇದ್ದರೆ ಅದೇ ದಿನ ವೈದ್ಯರ ಬಳಿ ಕಳಿಸಬೇಕು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಇದ್ದರೆ 108ಕ್ಕೆ ಕರೆ ಮಾಡಿ, ಸಂದರ್ಶನ ಅಲ್ಲಿಗೇ ನಿಲ್ಲಿಸಿ. ನಮಗೆ ತಮ್ಮ ದೇಹ ತೋರಿಸಿದವರಿಗೆ ಇಷ್ಟು ಮಾಡುವುದು ನಮ್ಮ ಹೊಣೆ.

ಕೈ ಹಿಡಿತಕ್ಕೆ ಡೈನಮೋಮೀಟರ್, ಹಿಡಿತದ ಬಲ ಅಳೆಯುವ ಉಪಕರಣ. ಸ್ಮೆಡ್ಲಿ ಮತ್ತು ಜಾಮರ್ ಉಪಕರಣಗಳ ಅಂಕಿ ಒಂದಕ್ಕೊಂದು ಹೊಂದುವುದಿಲ್ಲ, ನಡುವೆ ಉಪಕರಣ ಬದಲಿಸಬೇಡಿ. ಉಂಗುರ ತೆಗೆಸಿ, ಬಳೆ ಮೇಲೆ ಸರಿಸಿ, ಮೊಣಕೈ ಲಂಬಕೋನಕ್ಕೆ ಮಡಿಸಿ, ಎರಡೂ ಕೈಗೆ ಎರಡೆರಡು ಸಲ. ಆರು ತಿಂಗಳೊಳಗೆ ಆ ಕೈಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ಊತ ಇದ್ದರೆ ಬಿಟ್ಟುಬಿಡಿ. ಏಷ್ಯಾದ ಸಾರ್ಕೊಪೀನಿಯಾ (ಮುಪ್ಪಿನಲ್ಲಿ ಸ್ನಾಯು ಸೊರಗುವುದು) ಕಾರ್ಯತಂಡದ 2019ರ ಮಿತಿಯಂತೆ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋಗಿಂತ ಕಡಿಮೆಯಾದರೆ ಹಿಡಿತ ಸೋತಿದೆ ಎಂದರ್ಥ. ಆ ಅಂಕಿಯನ್ನು ಮನೆಯವರ ಮುಂದೆ ಆಡಬೇಡಿ.

ನಡಿಗೆಗೆ ಇಳಿಜಾರಿಲ್ಲದ ಜಾಗ ಹುಡುಕುವುದೇ ಅರ್ಧ ಕೆಲಸ. ಅಂಗಳ ಸಾಮಾನ್ಯವಾಗಿ ನೀರು ಹರಿಯಲೆಂದು ವಾಲಿರುತ್ತದೆ, ಹೊಸದಾಗಿ ಸಾರಿಸಿದ ನೆಲ ಜಾರುತ್ತದೆ. ಸ್ಟೀಲ್ ಟೇಪಿನಲ್ಲಿ ಅಳೆದು ಎರಡು ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಯ ಮೇಲೆ ನಿಂತು ಹೊರಡುವುದೋ, ಒಂದು ಮೀಟರ್ ಹಿಂದಿನಿಂದ ಬರುವುದೋ ಮೊದಲೇ ತೀರ್ಮಾನವಾಗಿರಲಿ, ಎರಡರ ವೇಗವೂ ಬೇರೆ. "ಅಂಗಡಿಗೆ ಹೋಗುವಾಗ ಹೆಂಗೆ ನಡೀತೀರೋ ಹಂಗೇ ನಡೀರಿ ತಾತ" ಎನ್ನಿ. "ಬೇಗ ಬೇಗ" ಎಂದು ಹುರಿದುಂಬಿಸುವ ಮೊಮ್ಮಕ್ಕಳನ್ನು ದೂರ ಕೂರಿಸಿ. ಕೊನೆಯ ಗೆರೆ ದಾಟಿಯೂ ಎರಡು ಹೆಜ್ಜೆ ಹಾಕುವಂತೆ ಹೇಳದಿದ್ದರೆ ಗೆರೆ ಹತ್ತಿರ ಬಂದಂತೆ ಕಾಲು ನಿಧಾನವಾಗುತ್ತದೆ. ಪಕ್ಕದಲ್ಲೇ, ಅರ್ಧ ಹೆಜ್ಜೆ ಹಿಂದೆ ನಡೆಯಿರಿ; ಬಿದ್ದರೆ ಹಿಡಿಯಲು.

ನೆನಪಿನ ಪರೀಕ್ಷೆ

ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಇದೇ. ಹತ್ತು ಪದ ಓದಿ, ಹೇಳಿಸಿ, ಕೆಲವು ನಿಮಿಷ ಬಿಟ್ಟು ಮತ್ತೆ ಹೇಳಿಸುತ್ತೇವೆ. ಎರಡು ಸೆಕೆಂಡಿಗೆ ಒಂದು ಪದದಂತೆ ಸಮನಾಗಿ ಓದಬೇಕು. ಪಟ್ಟಿಯಲ್ಲಿ ಹಸು, ಎಮ್ಮೆ ಎಂಬ ಜೋಡಿ ಇದ್ದರೆ ಒಂದು ಇನ್ನೊಂದನ್ನು ಎಳೆದು ತರುತ್ತದೆ, ಅದು ನೆನಪಿನ ಅಳತೆಯಾಗುವುದಿಲ್ಲ. ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು ಇರುವವರು ಬಹಳ. ಅಲ್ಲಿ ಬಾಯಿಗೆ ಬಂದಂತೆ ತೆಲುಗಿಗೆ ತಿರುಗಿಸಿದರೆ ಒಬ್ಬೊಬ್ಬ ಸಿಬ್ಬಂದಿಯ ಪರೀಕ್ಷೆ ಒಂದೊಂದಾಗುತ್ತದೆ. ತೆಲುಗು ಪಟ್ಟಿ ಮೊದಲೇ ಬರೆದು, ಇನ್ನೊಬ್ಬರಿಂದ ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ, ಮುದ್ರಿಸಿ ಕೊಟ್ಟಿರಬೇಕು.

"ಇವತ್ತು ಏನು ತಾರೀಕು?" ಎಂದರೆ ತಾತ "ಶ್ರಾವಣ ಶುದ್ಧ ಪಂಚಮಿ" ಎನ್ನುತ್ತಾರೆ. ಅವರಿಗೆ ದಿನದ ಅರಿವು ನಮಗಿಂತ ಚೊಕ್ಕವಾಗಿದೆ, ತಪ್ಪು ಎಂದು ಹಾಕುವುದು ಅನ್ಯಾಯ. ತಿಥಿ ಸರಿಯಿದ್ದರೆ ಅಂಕ ಕೊಡಬೇಕೇ ಎಂಬ ನಿಯಮ ಕೆಲಸ ಶುರುವಾಗುವ ಮುನ್ನವೇ ಎಲ್ಲ ಕೇಂದ್ರಗಳಿಗೂ ಒಂದೇ ಆಗಿರಲಿ. ನೂರರಿಂದ ಏಳೇಳು ಕಳೆಯುವ ಪ್ರಶ್ನೆಯನ್ನು "ನೂರು ರೂಪಾಯಲ್ಲಿ ಏಳು ರೂಪಾಯಿ ಖರ್ಚಾದ್ರೆ" ಎಂದು ಬದಲಿಸಿದರೆ ಸಂತೆ ಮಾಡಿದವರಿಗೆ ಅದು ಸುಲಭ. ಬದಲಿಸಿದ್ದನ್ನು ಗುರುತು ಮಾಡಿ. ಓದು ಬರಹ ಬಾರದವರ ಕೈಗೆ ಪೆನ್ಸಿಲ್ ಕೊಟ್ಟು ಚಿತ್ರ ಬರೆಸಿದರೆ ಅಳೆಯುವುದು ಶಾಲೆಯನ್ನು, ಮಿದುಳನ್ನಲ್ಲ.

ಕೇಳಿಸುತ್ತದೆಯೇ, ಕನ್ನಡಕ ಹಾಕಿದ್ದಾರೆಯೇ ಎಂದು ಮೊದಲು ನೋಡಿ. ಉತ್ತರ ಎತ್ತಿಕೊಡುವ ಸೊಸೆಗೆ ಆ ಹೊತ್ತಿನಲ್ಲಿ ಇನ್ನೊಬ್ಬ ಸಿಬ್ಬಂದಿ ಮನೆಯ ವಿವರದ ಪ್ರಶ್ನೆ ಕೇಳುತ್ತಿದ್ದರೆ ಎಲ್ಲರ ಮಾನವೂ ಉಳಿಯುತ್ತದೆ.

ಬೆರಳಿನ ರಕ್ತ

ಮಧ್ಯದ ಅಥವಾ ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ, ಮುಂದಿನ ಹನಿ ತಾನಾಗಿ ರಕ್ತ ಹೀರುವ ಕಾಗದದ ಕಾರ್ಡಿನ ವೃತ್ತದೊಳಗೆ ಬೀಳಲಿ. ಹಿಂಡಿದರೆ ಅಂಗಾಂಶದ ದ್ರವ ಸೇರಿ ರಕ್ತ ತೆಳುವಾಗುತ್ತದೆ, ಹನಿಯ ಮೇಲೆ ಹನಿ ಹಾಕಿದರೆ ಕಲೆ ದಪ್ಪವಾಗುತ್ತದೆ, ಎರಡೂ ವ್ಯರ್ಥ. ಬಿಸಿಲು ತಾಕದಂತೆ ಕನಿಷ್ಠ 4 ಗಂಟೆ ಒಣಗಿಸಿ, ತೇವ ಹೀರುವ ಪೊಟ್ಟಣದ ಜೊತೆ ಜಿಪ್ ಚೀಲಕ್ಕೆ ಹಾಕಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ 4 ಗಂಟೆ ಸಾಲದು.

ಖಾಲಿ ಬಿಡಬೇಡಿ

"ಗೊತ್ತಿಲ್ಲ ಎಂದರು", "ಹೇಳಲೊಲ್ಲೆ ಎಂದರು", "ಮಾಡಲು ಆಗಲಿಲ್ಲ", "ನಾವು ಕೇಳಲಿಲ್ಲ", ಈ ನಾಲ್ಕಕ್ಕೂ ಬೇರೆ ಬೇರೆ ಸಂಕೇತ ಬೇಕು. ಎದ್ದು ನಿಲ್ಲಲಾಗದವರ ನಡಿಗೆಯ ಅಂಕಣ ಖಾಲಿ ಉಳಿದರೆ ಲೆಕ್ಕದಿಂದ ಕೈಬಿಟ್ಟುಹೋಗುವವರು ಅತಿ ಸೊರಗಿದವರೇ. ಆಗ ಊರಿಗೆ ಊರೇ ಗಟ್ಟಿಮುಟ್ಟಾಗಿ ಕಾಣುತ್ತದೆ.

ಹೊರಡುವ ಮುನ್ನ ಬೇರೆ ಮನೆಯಲ್ಲಿರುವ ಇಬ್ಬರು ನೆಂಟರ ಫೋನ್ ನಂಬರ್ ಬರೆದುಕೊಳ್ಳಿ. ವಯಸ್ಸಾದವರು ಮಕ್ಕಳ ಮನೆಯಿಂದ ಮನೆಗೆ ಹೋಗುತ್ತಿರುತ್ತಾರೆ. ಮುಂದಿನ ಸುತ್ತಿಗೆ ಹೋದಾಗ ಅವರು ತೀರಿಕೊಂಡಿದ್ದರೆ ಯಾವಾಗ, ಹೇಗೆ ಎಂದು ಜೊತೆಗಿದ್ದು ನೋಡಿಕೊಂಡವರಿಂದ ತಿಳಿಯಬೇಕು. ಸೂತಕ ಕಳೆದು, ತಿಥಿ ಕಾರ್ಯ ಮುಗಿಯುವವರೆಗೆ ಆ ಮನೆಗೆ ಹೋಗಬೇಡಿ. ಹೋದ ದಿನ ಮೊದಲು ಕೂತು ಅವರ ಮಾತು ಕೇಳಿ, ಟ್ಯಾಬ್ ಆಮೇಲೆ ತೆಗೆಯಿರಿ.