ಭಾರ ಎತ್ತಿದ ಮೇಲೆ ಜಿಗಿತ: ಎಷ್ಟು ನಿಮಿಷ ಕಾಯಬೇಕು?

ಉದ್ದಜಿಗಿತ, ಎತ್ತರ ಜಿಗಿತ, 100 ಮೀಟರ್ ಓಟ ಎಲ್ಲವೂ ಕ್ಷಣಾರ್ಧದಲ್ಲಿ ಬಲ ಹೊರಹಾಕಬೇಕಾದ ಸ್ಪರ್ಧೆಗಳು. ಅದಕ್ಕೆ ಮುಂಚೆ ಭಾರ ಹೊತ್ತು ಸ್ಕ್ವಾಟ್ (ಮಂಡಿ ಮಡಿಸಿ ಕೆಳಗಿಳಿದು ಮೇಲೇಳುವುದು) ಮಾಡಿದರೆ ಕಾಲು ಸೋಲುವುದಿಲ್ಲವೇ? ಸೋಲುತ್ತದೆ. ಆದರೆ ದಣಿವಿನ ಜೊತೆಗೇ ಸ್ನಾಯುವಿನ ಚುರುಕೂ ಏರಿರುತ್ತದೆ. ದಣಿವು ಬೇಗ ಇಳಿಯುತ್ತದೆ, ಚುರುಕು ಇನ್ನಷ್ಟು ಹೊತ್ತು ಉಳಿಯುತ್ತದೆ. ಆ ನಡುವಿನ ಸಮಯವನ್ನು ಹಿಡಿಯುವುದೇ ಇಲ್ಲಿನ ಕಸುಬು. ಜಿಮ್‌ಗಳಲ್ಲಿ ಮಾತ್ರ ಚರ್ಚೆಯೆಲ್ಲ ಭಾರದ್ದೇ, ಕಾಯುವುದರ ಬಗ್ಗೆ ಯಾರೂ ಕೇಳುವುದಿಲ್ಲ.

ಜೋರಾಗಿ ಸಂಕುಚಿಸಿದ ಸ್ನಾಯುವಿನ ನಾರಿನಲ್ಲಿ ಮಯೋಸಿನ್ ಪ್ರೋಟೀನಿನ ಒಂದು ತುಣುಕಿಗೆ ಫಾಸ್ಫೇಟ್ ಸೇರಿಕೊಳ್ಳುತ್ತದೆ. ಆಗ ಸಂಕುಚನಕ್ಕೆ ಚಾಲನೆ ಕೊಡುವ ಕ್ಯಾಲ್ಸಿಯಂ ಅಷ್ಟೇ ಇದ್ದರೂ ನಾರು ಹೆಚ್ಚು ಸ್ಪಂದಿಸುತ್ತದೆ. ವೇಗವಾಗಿ ಸಂಕುಚಿಸುವ ನಾರುಗಳಲ್ಲಿ ಇದು ಎದ್ದು ಕಾಣುತ್ತದೆ. ಆದರೆ ಈ ಪರಿಣಾಮ ಕೆಲವೇ ನಿಮಿಷಗಳಲ್ಲಿ ಬಹುಪಾಲು ಇಳಿದುಹೋಗುತ್ತದೆ, ಜಿಗಿತ ಸುಧಾರಿಸುವುದೋ ಅದಕ್ಕೂ ತಡವಾಗಿ. ಹಾಗಾಗಿ ಸ್ನಾಯುವಿನ ಬಿಸಿ, ನಾರಿನೊಳಗೆ ಸೇರುವ ನೀರು, ನರಗಳ ಪ್ರಚೋದನೆ ಇವುಗಳಿಗೂ ಪಾಲಿದೆ ಎಂಬ ವಾದ ಈಚೆಗೆ ಬಲಗೊಂಡಿದೆ.

ಈ ವಿಧಾನ ಯಾರಿಗೆ? ಸ್ಕ್ವಾಟ್ ಸರಿಯಾಗಿ ಕಲಿತು, ದೇಹತೂಕದ ಒಂದೂವರೆ ಪಟ್ಟಾದರೂ ಎತ್ತುವವರಿಗೆ. ಹೊಸಬರಿಗೆ ಸಿಗುವುದು ದಣಿವು ಮಾತ್ರ. ಅವರು ಮೊದಲು ಬಲ ಕಟ್ಟಿಕೊಳ್ಳಲಿ. ಪಕ್ಕದಲ್ಲಿ ಕೋಚ್ ಇರಲೇಬೇಕು.

ಹಂತ 1. ಐದಾರು ನಿಮಿಷ ನಿಧಾನ ಓಟ, ಆಮೇಲೆ ಕಾಲು ಬೀಸುವ, ಮಂಡಿ ಎತ್ತುವ ಚಲನೆಗಳು. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಸ್ನಾಯು ಎಳೆದು ನಿಲ್ಲುವುದು ಬೇಡ, ಅದು ಬಲವನ್ನು ಕುಗ್ಗಿಸುತ್ತದೆ.

ಹಂತ 2. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆಯ ಪಕ್ಕ ಮೂರು ಸಲ ಜಿಗಿಯಿರಿ. ಅತಿ ಎತ್ತರದ ಗುರುತನ್ನು ಅಳೆದು ಬರೆದಿಡಿ.

ಹಂತ 3. ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರ 100 ಕೆ.ಜಿ. ಎಂದಿಟ್ಟುಕೊಳ್ಳಿ. 50 ಕೆ.ಜಿ.ಯಲ್ಲಿ ಐದು, 65ರಲ್ಲಿ ಮೂರು, ಕೊನೆಗೆ 80ರಲ್ಲಿ ಮೂರು ಸ್ಕ್ವಾಟ್. ಮೇಲೇಳುವಾಗ ಆದಷ್ಟು ವೇಗವಾಗಿ ಏಳಿ. ಇನ್ನೂ ಒಂದೆರಡು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ವಿಶ್ಲೇಷಣೆಯೊಂದರಲ್ಲಿ ಗರಿಷ್ಠದ 60ರಿಂದ 84 ಶೇಕಡಾ ಭಾರವೇ 85ಕ್ಕೂ ಮೇಲಿನದಕ್ಕಿಂತ ಹೆಚ್ಚು ಫಲ ಕೊಟ್ಟಿತ್ತು. ಭಾರ ಎತ್ತಿದ ಮೇಲಿನ ವಿರಾಮ 7ರಿಂದ 10 ನಿಮಿಷ ಇದ್ದಾಗ ಲಾಭ ಹೆಚ್ಚು.

ಹಂತ 4. ಈಗ ಕಾಯಿರಿ. ಕೂರಬೇಡಿ, ಜಾಕೆಟ್ ಹಾಕಿಕೊಂಡು ಓಡಾಡುತ್ತಿರಿ. ಒಂದು ದಿನ 4ನೇ ನಿಮಿಷಕ್ಕೆ, ಇನ್ನೊಂದು ದಿನ 8ಕ್ಕೆ, ಮತ್ತೊಂದು ದಿನ 12ಕ್ಕೆ ಜಿಗಿದು ಅಳೆಯಿರಿ. ಒಂದೇ ದಿನ ಮೂರನ್ನೂ ಅಳೆದರೆ ಜಿಗಿತವೇ ಮುಂದಿನ ಜಿಗಿತಕ್ಕೆ ಕಾಲನ್ನು ತಯಾರು ಮಾಡಿಬಿಡುತ್ತದೆ. ಹೆಚ್ಚು ಬಲವುಳ್ಳವರು ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತಾರೆ, ಉಳಿದವರಿಗೆ 8 ನಿಮಿಷ ದಾಟಬೇಕಾಗಬಹುದು. ಆದ್ದರಿಂದ ಜೊತೆಗಾರನ ನಿಮಿಷ ನಿಮ್ಮದಲ್ಲ.

ಹಂತ 5. ಬಹಳ ಜನ ಬಿಟ್ಟುಬಿಡುವ ಹಂತ ಇದು. ಒಂದು ದಿನ ಬಾರ್‌ಬೆಲ್ (ಭಾರದ ಸರಳು) ಮುಟ್ಟದೆ, ವಾರ್ಮ್ ಅಪ್ ಮಾತ್ರ ಮಾಡಿ, ಅಷ್ಟೇ ಹೊತ್ತು ಕಾದು ಜಿಗಿಯಿರಿ. ಆಗಲೂ ಅಷ್ಟೇ ಎತ್ತರ ಬಂದರೆ ನಿಮಗೆ ಕೆಲಸ ಮಾಡಿದ್ದು ಭಾರವಲ್ಲ, ಚೆನ್ನಾಗಿ ಮಾಡಿದ ವಾರ್ಮ್ ಅಪ್. ಲಾಭ ಇದ್ದರೂ ಸಣ್ಣದೇ. ಒಂದೆರಡು ಸೆಂಟಿಮೀಟರ್‌ಗಾಗಿ ಇಷ್ಟೆಲ್ಲ ಏಕೆ ಎನ್ನುವವರು ಪದಕದ ಅಂಚಿನಲ್ಲಿ ಸೋತವರನ್ನು ಕೇಳಿ ನೋಡಲಿ.

ಸ್ಪರ್ಧೆಯ ದಿನ. ತೊಡಕು ಇರುವುದು ಇಲ್ಲೇ. ದೊಡ್ಡ ಕೂಟಗಳಲ್ಲಿ ಸ್ಪರ್ಧೆಗೆ ಸಾಕಷ್ಟು ಮೊದಲೇ ಕಾಲ್ ರೂಮ್‌ಗೆ (ಸ್ಪರ್ಧಿಗಳು ಹಾಜರಾಗಿ ಕಾಯುವ ಕೋಣೆ) ಹೋಗಿ ಕೂರಬೇಕು. ಅಲ್ಲಿ ಬಾರ್‌ಬೆಲ್ ಇರುವುದಿಲ್ಲ, ಹೊರಗೆ ಎತ್ತಿಬಂದ ಭಾರದ ಫಲ ಅಷ್ಟರಲ್ಲಿ ಕರಗಿರುತ್ತದೆ. ಟ್ರ್ಯಾಕಿಗೆ ಬಂದ ಮೇಲೆ ಮಂಡಿ ಎದೆಗೆ ತಾಗುವಂತೆ ನಾಲ್ಕೈದು ಜಿಗಿತ ಹಾಕುವುದು ಅಲ್ಲಿ ಸಾಧ್ಯವಿರುವ ಬದಲಿ. ಇದಕ್ಕೆ ವಿರಾಮವೂ ಕಡಿಮೆ ಸಾಕು. ಅದನ್ನೂ ಅಭ್ಯಾಸದಲ್ಲಿ ಗೋಡೆಯ ಮೇಲೆ ಅಳೆದು ನೋಡಿರಬೇಕು.