ಡೈಮ್ಯೊ, ಸಮುರಾಯ್ ಇತಿಹಾಸ ಓದೋಕೆ ಶುರು ಮಾಡೋದು ಹೇಗೆ? ಅಕ್ಕಿ ಲೆಕ್ಕದಿಂದ

ಸಮುರಾಯ್ ಸೀರೀಸೋ ಗೇಮೋ ನೋಡಿ ಇಂಟರೆಸ್ಟ್ ಬಂದು, ಜಪಾನಿನ ನಿಜವಾದ ಇತಿಹಾಸ ಓದೋಣ ಅಂತ ಕೂತವರಲ್ಲಿ ಬಹಳ ಜನ ಬೇಗನೇ ಕೈಬಿಡ್ತಾರೆ. ಯಾಕಂದ್ರೆ ಪುಟಕ್ಕೆ ಹತ್ತು ಹೊಸ ಹೆಸರು ಬರುತ್ತೆ, ಎಲ್ಲರೂ ಎಲ್ಲರ ಮೇಲೂ ದಂಡೆತ್ತಿ ಹೋಗ್ತಿರ್ತಾರೆ, ನಿನ್ನೆ ಜೊತೆಗಿದ್ದೋನು ಇವತ್ತು ಎದುರು ನಿಂತಿರ್ತಾನೆ, ಯಾಕೆ ಅಂತ ಮಾತ್ರ ತಲೆಗೆ ಹೋಗಲ್ಲ. ಇದಕ್ಕೆ ನಾನು ಹೇಳೋ ದಾರಿ ಒಂದೇ, ಕತ್ತಿ ಕವಚ ಎಲ್ಲ ಸ್ವಲ್ಪ ದಿನ ಪಕ್ಕಕ್ಕಿಡಿ, ಅಕ್ಕಿ ಯಾರ ಕೈಯಲ್ಲಿತ್ತು, ಯಾರ ಕೈಗೆ ಹೋಯ್ತು ಅಂತ ನೋಡ್ತಾ ಓದಿ. ಆ ಕಾಲದ ದೊರೆಗಳ ನಿಷ್ಠೆ, ದ್ರೋಹ, ಮದುವೆ, ಸಂಧಾನ ಎಲ್ಲದರ ಕೆಳಗೂ ಗದ್ದೆ ಇದೆ.

ಮೊದ್ಲು ಒಂದು ಹಾಳೆ ಮೇಲೆ ಅಡ್ಡ ಗೆರೆ ಎಳೆದು ಮೂರೇ ಇಸವಿ ಗುರುತು ಹಾಕ್ಕೊಳ್ಳಿ. 1467, 1600, 1868. 1467ರಲ್ಲಿ ಕ್ಯೋಟೋದಲ್ಲಿ ಓನಿನ್ ಯುದ್ಧ ಶುರುವಾಗಿ ಹತ್ತು ವರ್ಷ ನಡೀತು, ಅದು ಮುಗಿಯೋ ಹೊತ್ತಿಗೆ ಚಕ್ರವರ್ತಿ ಹೆಸರಲ್ಲಿ ದೇಶ ಆಳ್ತಿದ್ದ ಸೇನಾಧಿಪತಿಗಳ, ಅಂದ್ರೆ ಅಶಿಕಾಗಾ ಶೋಗನ್‌ಗಳ ಮಾತಿಗೆ ಬೆಲೆ ಉಳೀಲಿಲ್ಲ, ಒಂದೊಂದು ಸೀಮೆಯಲ್ಲೂ ಶಕ್ತಿ ಇದ್ದೋನೇ ದೊರೆ ಅಂತಾಯ್ತು. ಆ ದೊರೆಗಳೇ ಡೈಮ್ಯೊ. 1600ರಲ್ಲಿ ಸೆಕಿಗಹಾರಾ ಯುದ್ಧ ಗೆದ್ದು ತೊಕುಗಾವಾ ಇಯೆಯಾಸು ಎಲ್ಲರ ಮೇಲೆ ಬಂದ, 1603ರಲ್ಲಿ ಶೋಗನ್ ಆದ. 1868ರಲ್ಲಿ ಆ ಮನೆತನದ ಆಳ್ವಿಕೆ ಮುಗೀತು. ಇಷ್ಟು ಕಾಲವೂ ಚಕ್ರವರ್ತಿ ಕ್ಯೋಟೋದಲ್ಲೇ ಇದ್ದ, ಆದ್ರೆ ನಿಜವಾದ ಅಧಿಕಾರ ಸೇನೆ ಇದ್ದವರ ಕೈಯಲ್ಲಿತ್ತು, ಇದನ್ನ ಹಾಳೆ ಮೇಲ್ಗಡೆ ಬರೆದಿಟ್ಕೊಳ್ಳಿ, ಬಹಳ ಗೊಂದಲ ಇಲ್ಲೇ ತಪ್ಪುತ್ತೆ. ಇದಕ್ಕಿಂತ ಹಿಂದಿನ ಕಾಮಾಕುರಾ ಕಾಲ, ಅಂದ್ರೆ 1192ರಲ್ಲಿ ಶೋಗನ್ ಆದ ಮಿನಾಮೊತೊ ಯೊರಿತೊಮೊನ ಕಥೆ, ಅದನ್ನ ಆಮೇಲೆ ಓದಿದ್ರೂ ನಡೆಯುತ್ತೆ.

ಇನ್ನು ಮುಖ್ಯ ವಿಷಯ, ಕೊಕು. ಇದು ಅಕ್ಕಿಯ ಅಳತೆ. ಒಂದು ಕೊಕು ಅಂದ್ರೆ ಸುಮಾರು 180 ಲೀಟರ್, ತೂಕದಲ್ಲಿ ಹೆಚ್ಚುಕಡಿಮೆ 150 ಕೆಜಿ, ಒಬ್ಬ ಮನುಷ್ಯ ಒಂದು ವರ್ಷ ಊಟ ಮಾಡೋಷ್ಟು ಅಂತ ಲೆಕ್ಕ. ಒಂದು ಸೀಮೆಯ ಭೂಮಿ ವರ್ಷಕ್ಕೆ ಎಷ್ಟು ಕೊಕು ಬೆಳೆಯುತ್ತೆ ಅನ್ನೋ ಅಂದಾಜೇ ಆ ದೊರೆಯ ಅಂತಸ್ತು. ತೊಕುಗಾವಾ ಕಾಲದಲ್ಲಿ 10,000 ಕೊಕು ಮುಟ್ಟಿದ್ರೆ ಡೈಮ್ಯೊ, ಅದಕ್ಕಿಂತ ಕಮ್ಮಿ ಇದ್ದು ನೇರವಾಗಿ ಶೋಗನ್ ಕೈಕೆಳಗೆ ಇದ್ರೆ ಹತಾಮೊತೊದಂಥ ದರ್ಜೆ. ಯುದ್ಧಕ್ಕೆ ಎಷ್ಟು ಜನ ಕಳಿಸ್ಬೇಕು ಅನ್ನೋದೂ ಈ ನಂಬರಿನ ಮೇಲೇ ಡಿಸೈಡ್ ಆಗ್ತಿತ್ತು. ಒಂದು ಎಚ್ಚರಿಕೆ, ಇದು ದೊರೆಯ ಆದಾಯ ಅಲ್ಲ, ಭೂಮಿಯ ಬೆಳೆ. ಅದರಲ್ಲಿ ನಾಲ್ಕು ಪಾಲು ದೊರೆಗೆ ಆರು ಪಾಲು ರೈತನಿಗೆ, ಇಲ್ಲಾಂದ್ರೆ ಐದು-ಐದು, ಹೀಗೆ ಊರಿಗೊಂದು ಥರ ಇತ್ತು. ಕಾಗದದ ಮೇಲಿನ ನಂಬರಿಗೂ ನಿಜವಾಗಿ ಬೆಳೆಯೋದಕ್ಕೂ ವ್ಯತ್ಯಾಸ ಇರ್ತಿತ್ತು, ಅದೂ ನೆನಪಿರಲಿ.

ಈ ಲೆಕ್ಕ ದೇಶದ ತುಂಬ ಒಂದೇ ಥರ ಆಗಿದ್ದು ಇಯೆಯಾಸುಗಿಂತ ಮುಂಚೆ ದೇಶವನ್ನ ಒಂದುಗೂಡಿಸಿದ ತೊಯೊತೊಮಿ ಹಿಡೆಯೋಶಿಯಿಂದ, ಹಾಗಾಗಿ ಅವನ ಯುದ್ಧಗಳಿಗಿಂತ ಅವನ ಸರ್ವೇ ಮೇಲೆ ಜಾಸ್ತಿ ಟೈಮ್ ಹಾಕಿ. 1582ರಿಂದ ಗದ್ದೆ ಗದ್ದೆ ಅಳೆಸಿ ಯಾವ ಹೊಲ ಯಾರು ಉಳ್ತಾರೆ, ಎಷ್ಟು ಬೆಳೆಯುತ್ತೆ ಅಂತ ಬರೆಸಿದ. 1588ರಲ್ಲಿ ರೈತರ ಹತ್ರ ಇದ್ದ ಕತ್ತಿ, ಈಟಿ, ಬಂದೂಕು ಎಲ್ಲ ಕಿತ್ಕೊಂಡ. ಅದಕ್ಕೂ ಮುಂಚೆ ಹಳ್ಳಿಯಲ್ಲಿ ಉಳುಮೆ ಮಾಡ್ಕೊಂಡು ಯುದ್ಧ ಬಂದಾಗ ಆಯುಧ ಹಿಡಿಯೋರು ಎಷ್ಟೋ ಜನ ಇದ್ರು, ಇವನೂ ಅಂಥ ಬಡ ಮನೆಯಿಂದಲೇ ಮೇಲೆ ಬಂದೋನು. ಆಮೇಲೆ ಆ ಏಣಿಯನ್ನೇ ತೆಗೆದುಬಿಟ್ಟ, ಉಳೋನು ಹಳ್ಳಿಯಲ್ಲಿ, ಸಮುರಾಯ್ ಕೋಟೆ ಪಟ್ಟಣದಲ್ಲಿ ಅಂತಾಯ್ತು. ನನ್ನ ಪ್ರಕಾರ ಆ ಇಡೀ ಶತಮಾನದಲ್ಲಿ ಯಾವ ಯುದ್ಧಕ್ಕಿಂತಲೂ ದೊಡ್ಡ ಬದಲಾವಣೆ ಇದು, ಆದ್ರೆ ಇದರ ಬಗ್ಗೆ ಮಾತಾಡೋರು ಕಮ್ಮಿ.

ಈಗ ಒಂದು ಟೇಬಲ್ ಮಾಡಿ. ಮನೆತನ, ಊರು, 1600ಕ್ಕೆ ಮುಂಚೆ ಎಷ್ಟು ಕೊಕು, ಆಮೇಲೆ ಎಷ್ಟು, ಸೆಕಿಗಹಾರಾದಲ್ಲಿ ಯಾರ ಕಡೆ. ಎಲ್ಲ ಮನೆತನ ಹಾಕೋಕೆ ಹೋಗ್ಬೇಡಿ, ಅವು 260ರ ಮೇಲಿವೆ, ನಾಲ್ಕೈದು ಸಾಕು. ಕನಝಾವಾದ ಮಾಎದಾ ಮನೆತನ 10 ಲಕ್ಷ ಕೊಕು ದಾಟಿ ಎಲ್ಲರಿಗಿಂತ ದೊಡ್ಡದು, ಸೆಂದಾಯ್‌ನ ದಾತೆ ಸುಮಾರು 6.2 ಲಕ್ಷ, ಸತ್ಸುಮಾದ ಶಿಮಾಝು 7 ಲಕ್ಷದ ಮೇಲೆ. ಇವರೆಲ್ಲರ ಎದುರು ತೊಕುಗಾವಾ ಮನೆತನದ್ದೇ ಸ್ವಂತ ಭೂಮಿ ಸುಮಾರು 40 ಲಕ್ಷ ಕೊಕು ಅಂತ ಬರೆದು ನೋಡಿ, ಎರಡೂವರೆ ಶತಮಾನ ಯಾರೂ ಯಾಕೆ ಎದ್ದು ನಿಲ್ಲಲಿಲ್ಲ ಅಂತ ಆ ನಂಬರೇ ಹೇಳುತ್ತೆ.

ಪೂರ್ತಿಯಾಗಿ ಬೆನ್ನುಹತ್ತಿ ಓದೋಕೆ ಒಂದು ಮನೆತನ ಆರಿಸ್ಕೊಳ್ಳಿ ಅಂದ್ರೆ ನಾನು ಹೇಳೋದು ಮೋರಿ. ಹಿರೋಶಿಮಾದಲ್ಲಿ ಕೂತು ಸುಮಾರು 12 ಲಕ್ಷ ಕೊಕು ಆಳ್ತಿದ್ರು. ಸೆಕಿಗಹಾರಾದಲ್ಲಿ ಸೋತ ಪಶ್ಚಿಮ ಪಡೆಗೆ ಹೆಸರಿಗೆ ಮುಖ್ಯಸ್ಥ ಮೋರಿ ತೆರುಮೊತೊನೇ, ಆದ್ರೆ ಅವನು ರಣರಂಗಕ್ಕೇ ಬರದೆ ಒಸಾಕಾ ಕೋಟೆಯಲ್ಲಿ ಉಳಿದಿದ್ದ. ಯುದ್ಧ ಮುಗಿದ ಮೇಲೆ ಇಯೆಯಾಸು ಅವರಿಗೆ ಎರಡೇ ಪ್ರಾಂತ ಬಿಟ್ಟ, ನಂಬರ್ 3.7 ಲಕ್ಷದ ಹತ್ರಕ್ಕೆ ಇಳೀತು, ಹೊಸ ಕೋಟೆ ಕಟ್ಟಿದ್ದು ಸಮುದ್ರದ ಮೂಲೆಯ ಹಾಗಿ ಊರಲ್ಲಿ. ಸೀಮೆ ಮೂರನೇ ಒಂದು ಪಾಲಾಯ್ತು, ಆದ್ರೆ ನಂಬಿಕೊಂಡಿದ್ದ ಸಮುರಾಯ್ ಕುಟುಂಬಗಳು ಮೂರನೇ ಒಂದು ಪಾಲಾಗಲಿಲ್ಲ, ಅವರ ಅಕ್ಕಿ ಪಡಿ ಕಡಿತ ಆಯ್ತು. ಇದನ್ನ ಓದಿಕೊಂಡು ನೇರ 1866ಕ್ಕೆ ಬನ್ನಿ, ಶೋಗನ್ ಸೇನೆಯನ್ನ ಸೋಲಿಸಿ ವಾಪಸ್ ಕಳಿಸಿದ ಚೋಶು ಸೀಮೆ ಯಾರದ್ದು? ಇದೇ ಮೋರಿಗಳದ್ದು! ಅದೇ ವರ್ಷ ಅವರ ಜೊತೆ ಕೈಜೋಡಿಸಿದ್ದು ಸತ್ಸುಮಾ, 1600ರಲ್ಲಿ ಸೋತ ಕಡೆಯೇ ಇದ್ದ ಶಿಮಾಝುಗಳು.

ಇಷ್ಟಾದ ಮೇಲೆ ಟೇಬಲ್‌ನಲ್ಲಿ ಇನ್ನೊಂದು ಕಾಲಮ್ ಸೇರಿಸಿ, ಖರ್ಚು. 1635ರಲ್ಲಿ ಮೂರನೇ ಶೋಗನ್ ಇಯೆಮಿತ್ಸು ಕಡ್ಡಾಯ ಮಾಡಿದ ಪ್ರಕಾರ ಡೈಮ್ಯೊಗಳು ಸಾಮಾನ್ಯವಾಗಿ ಒಂದು ವರ್ಷ ಶೋಗನ್ ಇರೋ ಎದೊದಲ್ಲಿ (ಈಗಿನ ಟೋಕಿಯೊ), ಒಂದು ವರ್ಷ ಸ್ವಂತ ಊರಲ್ಲಿ ಇರ್ಬೇಕು, ಹೆಂಡತಿ ಮತ್ತೆ ವಾರಸುದಾರ ಮಗ ಯಾವಾಗ್ಲೂ ಎದೊದಲ್ಲೇ, ಒಂಥರಾ ಒತ್ತೆಯಾಳು. ಮಾಎದಾ ಮನೆತನದ ಮೆರವಣಿಗೆಯಲ್ಲಿ 2,000ಕ್ಕೂ ಹೆಚ್ಚು ಜನ ಹೋಗಿದ್ದುಂಟು, ಕನಝಾವಾದಿಂದ ಎದೊಗೆ 12-13 ದಿನದ ದಾರಿ, ಅಷ್ಟೂ ಜನರ ಊಟ, ವಸತಿ, ಹೊರೆ ಆಳುಗಳ ಕೂಲಿ ಲೆಕ್ಕ ಹಾಕಿ. ಬಂದ ಅಕ್ಕಿಯನ್ನ ಒಸಾಕಾದ ಗೋದಾಮಿಗೆ ಕಳಿಸಿ ಮಾರಿ ದುಡ್ಡು ಮಾಡ್ಬೇಕು, ಸಾಲದಿದ್ರೆ ವ್ಯಾಪಾರಿಗಳ ಹತ್ರ ಸಾಲ. ದರ್ಜೆಯಲ್ಲಿ ಎಲ್ಲರಿಗಿಂತ ಕೆಳಗೆ ಅಂತ ಎಣಿಸಿದ್ದ ವ್ಯಾಪಾರಿ ಎದುರಿಗೇ ಸಮುರಾಯ್ ಕೈಕಟ್ಟಿ ನಿಲ್ಲೋ ಹಾಗಾಯ್ತು.

ಹೆಸರಿನ ಕಾಟಕ್ಕೆ ಒಂದು ಸಣ್ಣ ಟಿಪ್. ಇವರು ಆಯಸ್ಸಿನಲ್ಲಿ ಮೂರ್ನಾಲ್ಕು ಸಲ ಹೆಸರು ಬದಲಾಯಿಸ್ತಾರೆ, ಇಯೆಯಾಸುನೇ ಚಿಕ್ಕಂದಿನಲ್ಲಿ ಮತ್ಸುದೈರಾ ತಕೆಚಿಯೊ. ಅದಕ್ಕೆ ವ್ಯಕ್ತಿ ಹೆಸರಿಗಿಂತ ಮನೆತನದ ಮುದ್ರೆ ಹಿಡ್ಕೊಂಡು ಹೋಗಿ, ತೊಕುಗಾವಾಗೆ ಮೂರು ಎಲೆ, ಶಿಮಾಝುಗೆ ವೃತ್ತದೊಳಗೆ ಕೂಡಿಸೋ ಗುರುತು, ಸನಾದಾಗೆ ಆರು ನಾಣ್ಯ.

ಆ ಸನಾದಾಗಳನ್ನೂ ಓದ್ಲೇಬೇಕು. 1600ರಲ್ಲಿ ಅಪ್ಪ ಮಸಯುಕಿ ಮತ್ತೆ ಒಬ್ಬ ಮಗ ನೊಬುಶಿಗೆ ಪಶ್ಚಿಮದ ಕಡೆ, ಇನ್ನೊಬ್ಬ ಮಗ ನೊಬುಯುಕಿ ಇಯೆಯಾಸು ಕಡೆ. ಯಾರು ಗೆದ್ರೂ ಮನೆತನ ಉಳಿಯುತ್ತೆ. ಉಳೀತು ಕೂಡ, ನೊಬುಯುಕಿಯ ವಂಶ ಮತ್ಸುಶಿರೊದಲ್ಲಿ 1 ಲಕ್ಷ ಕೊಕು ಆಳ್ತು, ನೊಬುಶಿಗೆ 1615ರಲ್ಲಿ ಒಸಾಕಾದಲ್ಲಿ ಹೋರಾಡ್ತಾ ಸತ್ತ. ಸಮುರಾಯ್ ಅಂದ್ರೆ ಕುರುಡು ಸ್ವಾಮಿನಿಷ್ಠೆ ಅನ್ನೋ ಚಿತ್ರ ಬಹುಪಾಲು ಯುದ್ಧ ನಿಂತ ಮೇಲಿನ ಶಾಂತಿ ಕಾಲದಲ್ಲೂ ಅದರ ನಂತರವೂ ಬೆಳೆದದ್ದು, ಅದನ್ನ 1500ರ ದಶಕಗಳ ಜನರ ಮೇಲೆ ಹೊರಿಸಿ ಓದ್ಬೇಡಿ, ಓದಿದ್ರೆ ಅವರೆಲ್ಲ ಬರೀ ಮೋಸಗಾರರಾಗಿ ಕಾಣ್ತಾರೆ, ಅದು ಅವರಿಗೆ ಮಾಡೋ ಅನ್ಯಾಯ.

ಕೊನೆಗೆ ಗೆರೆಯ ಬಲತುದಿಗೆ ಎರಡು ಇಸವಿ ಸೇರಿಸಿ. 1871, ಸೀಮೆಗಳೆಲ್ಲ ರದ್ದಾಗಿ ಸರ್ಕಾರದ ಜಿಲ್ಲೆಗಳಾದ್ವು. 1876, ಕತ್ತಿ ಧರಿಸೋದು ನಿಷೇಧ, ಪಡಿಯ ಬದಲು ಸಮುರಾಯ್‌ಗಳಿಗೆ ಸರ್ಕಾರಿ ಬಾಂಡ್. ಮಾರನೇ ವರ್ಷ ತಮ್ಮ ನಾಯಕ ಸೈಗೊ ತಕಮೊರಿ ಜೊತೆ ಸತ್ಸುಮಾದವರು ದಂಗೆ ಎದ್ದಿದ್ದನ್ನ ಓದುವಾಗ ಈ ಎರಡೂ ಆದೇಶ ಪಕ್ಕದಲ್ಲಿಟ್ಕೊಂಡೇ ಓದಿ.